ಏನೂ ಬೇಡ ಎಂದವರ ಮ್ಯೂಚುವಲ್

ನಿಘಂಟಿನಲ್ಲಿ ‘ಮ್ಯೂಚುವಲ್’ ಎಂಬ ಇಂಗ್ಲಿಷ್ ಪದಕ್ಕೆ ಪರಸ್ಪರ, ಅನ್ಯೋನ್ಯ, ಇಬ್ಬರಿಗೂ ಸೇರಿದ್ದು ಎಂದೆಲ್ಲ ಅರ್ಥ ಕೊಟ್ಟಿರುತ್ತಾರೆ. ತೊಂಬತ್ತರ ದಶಕದಲ್ಲಿ ನಾಗಮಂಗಲ ತಾಲ್ಲೂಕಿನ ಮೇಷ್ಟ್ರುಗಳ ನಡುವೆ ಆ ಪದಕ್ಕೆ ಕೈಕಾಲು ಬಂದಿದ್ದವು. ಅವರ ಬಾಯಲ್ಲಿ ಅದು ಒಬ್ಬ ಮನುಷ್ಯ. “ನಂಗೊಂದು ಮ್ಯೂಚುವಲ್ ಸಿಕ್ಕೈತೆ” ಎನ್ನುತ್ತಿದ್ದರು. “ನಮ್ಮ ಮ್ಯೂಚುವಲ್ ಕೈಕೊಟ್ಬುಡ್ತು” ಎನ್ನುತ್ತಿದ್ದರು. “ಒಳ್ಳೆ ಮ್ಯೂಚುವಲ್ ಬಂದಿತ್ತು ಅವರಿಗೆ, ಇನ್ನೂ ಚೆನ್ನಾಗಿರೋದು ಬರ್ತದೆ ಅಂತ ಕಾದು ಕೆಟ್ರು” ಎಂದು ಮರುಗುತ್ತಿದ್ದರು. ಪಕ್ಕದಲ್ಲಿ ಕೂತು ಕೇಳಿದವರಿಗೆ ಇದು ಗಂಡು ಹೆಣ್ಣು ಹುಡುಕುವವರ ಮಾತು ಅನ್ನಿಸುತ್ತಿತ್ತು.

ವಿಷಯ ಇಷ್ಟೆ. ಒಂದೇ ದರ್ಜೆಯ ಇಬ್ಬರು ಶಿಕ್ಷಕರು ತಮ್ಮ ಜಾಗಗಳನ್ನು ಅದಲುಬದಲು ಮಾಡಿಕೊಳ್ಳುತ್ತೇವೆ ಎಂದು ಜೊತೆಯಾಗಿ ಅರ್ಜಿ ಕೊಟ್ಟರೆ ಇಲಾಖೆ ಸಾಮಾನ್ಯವಾಗಿ ಒಪ್ಪುತ್ತಿತ್ತು. ಬೇರೆ ರೀತಿಯ ವರ್ಗಾವಣೆಗೆ ವರ್ಷಗಟ್ಟಲೆ ಕಾಯಬೇಕು. ಇದಕ್ಕೆ ಬೇಕಾದದ್ದು ನಿಮ್ಮ ಊರನ್ನು ಬಯಸುವ ಒಬ್ಬರು. ನೀವು ಬಿಟ್ಟು ಹೊರಡಬೇಕೆಂದಿರುವ ಊರಿಗೇ ಬರಬೇಕೆಂದು ಹಂಬಲಿಸುವ ಒಬ್ಬರು ಎಲ್ಲೋ ಇದ್ದಾರೆ ಎಂದು ನಂಬಿಕೊಂಡು ಬದುಕಬೇಕು.

ನಾವು ಹಾಗೆ ನಂಬಿಕೊಂಡಿದ್ದೆವು. ನಾನು ಪಾಂಡವಪುರದಲ್ಲಿ ದಿನಪತ್ರಿಕೆಯೊಂದರ ವರದಿಗಾರ. ಒಂದು ಕಡೆ ಶ್ರೀರಂಗಪಟ್ಟಣ, ಇನ್ನೊಂದು ಕಡೆ ಕೆ.ಆರ್. ಪೇಟೆ, ಅಷ್ಟರ ನಡುವಿನ ಸುದ್ದಿ ನನ್ನದು. ನನ್ನ ಹೆಂಡತಿ ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಾಲೆಯ ಗಂಟೆಗೂ ಬಸ್ಸಿನ ಗಂಟೆಗೂ ಹೊಂದಿಕೆ ಇರಲಿಲ್ಲವಾದ್ದರಿಂದ ಅವಳು ಮಗಳನ್ನು ಕರೆದುಕೊಂಡು ಅಲ್ಲೇ ಬಾಡಿಗೆ ಮನೆಯಲ್ಲಿದ್ದಳು. ನಾನು ಶನಿವಾರ ಮಧ್ಯಾಹ್ನ ಸುದ್ದಿ ಕಳಿಸಿ ಬಸ್ಸು ಹತ್ತುತ್ತಿದ್ದೆ, ಸೋಮವಾರ ಮೊದಲ ಬಸ್ಸಿಗೆ ವಾಪಸ್ಸು. ಮಗಳು ಹುಟ್ಟಿದ ಮೇಲೆ ನಾವು ಮೂವರೂ ಒಂದು ಬುಧವಾರ ಒಟ್ಟಿಗೆ ಕೂತು ಊಟ ಮಾಡಿದ್ದು ದಸರೆ, ಬೇಸಿಗೆ ರಜೆಗಳಲ್ಲಿ ಮಾತ್ರ. ಮಗಳಿಗೆ ನಾಲ್ಕು ತುಂಬುತ್ತಿತ್ತು. ಒಂದೇ ಮನೆಯಲ್ಲಿ ಇರಬೇಕು ಅನ್ನುವುದು ನಮ್ಮಿಬ್ಬರ ಏಕೈಕ ಆಸೆಯಾಗಿತ್ತು. ಅದಕ್ಕಿಂತ ದೊಡ್ಡದನ್ನು ಆಸೆಪಡುವಷ್ಟು ಪುರುಸೊತ್ತು ಇರಲಿಲ್ಲ.

ಆ ಊರಿನವರು ನನಗೆ ‘ಶನಿವಾರಪ್ಪ’ ಎಂದು ಹೆಸರಿಟ್ಟಿದ್ದರು. ಇಟ್ಟವರು ನಮಗೆ ಮನೆ ಕೊಟ್ಟಿದ್ದ ದೊಡ್ಡವ್ವ. ಅರವತ್ತು ದಾಟಿದ ಗಟ್ಟಿ ಹೆಂಗಸು. ಆ ಬೀದಿಯ ಹೆಂಗಸರು ಕಳೆ ಕೀಳಲು, ರಾಗಿ ಕುಯ್ಯಲು ಗುಂಪು ಕಟ್ಟಿಕೊಂಡು ಹೋಗುವಾಗ ಯಾವ ದಿನ ಯಾರ ಹೊಲ ಎಂದು ತೀರ್ಮಾನಿಸುವುದು ಅವರೇ. ನಾನು ಬೀದಿ ತಿರುವಿನಲ್ಲಿ ಕಂಡರೆ ಸಾಕು, “ಲೇ, ಶನಿವಾರಪ್ಪಾರು ಬಂದ್ರು. ನಾಳೆ ಬಾನುವಾರ, ಯಾರೂ ಕ್ಯಾಲೆಂಡ್ರು ನೋಡ್ಬ್ಯಾಡಿ” ಎನ್ನುತ್ತಿದ್ದರು.

ಆ ಗುಂಪಿನ ಕೆಲಸಕ್ಕೆ ನಮ್ಮ ಕಡೆ ಮುಯ್ಯಾಳು ಎನ್ನುತ್ತಾರೆ. ಇವತ್ತು ನಿಮ್ಮ ಹೊಲಕ್ಕೆ ಹತ್ತು ಜನ ಬಂದರೆ, ಆ ಹತ್ತೂ ಮನೆಯ ಹೊಲಕ್ಕೆ ನಿಮ್ಮ ಮನೆಯಿಂದ ಒಬ್ಬರು ಒಂದೊಂದು ದಿನ ಹೋಗಬೇಕು. ಕೂಲಿ ಇಲ್ಲ, ಊಟ ಉಂಟು. ಕೈಲಾಗದವರು ತಮ್ಮ ಬದಲು ಯಾರನ್ನಾದರೂ ಕಳಿಸಬಹುದು. ಆದರೆ ಗಟ್ಟಿ ಆಳಿಗೆ ಗಟ್ಟಿ ಆಳೇ ಆಗಬೇಕು. ಮೈಗಳ್ಳಿಯನ್ನು ಕಳಿಸಿದರೆ ಸಾಲಿನಲ್ಲಿ ಹಿಂದೆ ಬಿದ್ದದ್ದು ಇಡೀ ಊರಿಗೆ ಕಾಣುತ್ತದೆ.

ನನ್ನ ಹೆಂಡತಿ ಆ ಊರಿಗೆ ಹೋದಾಗ ಮಗಳಿಗೆ ಹತ್ತು ತಿಂಗಳು. ಶಾಲೆಯ ಹೊತ್ತಿನಲ್ಲಿ ಮಗು ಯಾರ ಹತ್ತಿರ ಇರಬೇಕು? ಮೊದಲ ವಾರವೇ ದೊಡ್ಡವ್ವ ಆರು ಮನೆ ಗೊತ್ತು ಮಾಡಿದರು. ಸೋಮವಾರದ ಮನೆ, ಮಂಗಳವಾರದ ಮನೆ, ಹೀಗೆ ಶನಿವಾರದವರೆಗೆ. ಆಯಾ ದಿನ ಆ ಮನೆಯ ಹೆಂಗಸು ಹೊಲಕ್ಕೆ ಹೋಗದೆ ಮಗು ನೋಡಿಕೊಳ್ಳುವುದು. ನಮ್ಮ ಮಗಳು ಬುಧವಾರದ ಮನೆಯಲ್ಲಿ ನಡೆಯಲು ಕಲಿತಳು, ಶುಕ್ರವಾರದ ಮನೆಯಲ್ಲಿ ಬೈಗುಳ ಕಲಿತಳು. ಇದಕ್ಕೆ ಪ್ರತಿಯಾಗಿ ಕಳೆ ಕೀಳುವ ಕಾಲದಲ್ಲಿ, ಕುಯ್ಲಿನಲ್ಲಿ, ಶಾಲೆ ಬಿಟ್ಟ ಮೇಲೆ ಹೊತ್ತು ಮುಳುಗುವ ತನಕ ಆ ಬೀದಿಯ ಚಿಳ್ಳೆಪಿಳ್ಳೆಗಳನ್ನೆಲ್ಲ ನನ್ನ ಹೆಂಡತಿ ಶಾಲೆಯ ಜಗಲಿಯಲ್ಲಿ ಹಾಕಿಕೊಂಡು ಕೂರುತ್ತಿದ್ದಳು. ತಾಯಂದಿರು ನಿಶ್ಚಿಂತೆಯಿಂದ ಒಂದು ಸಾಲು ಹೆಚ್ಚಿಗೆ ಕುಯ್ದು ಬರುತ್ತಿದ್ದರು. ಇದನ್ನು ಯಾರೂ ಕೂತು ಮಾತಾಡಿ ಒಪ್ಪಂದ ಮಾಡಿಕೊಂಡಿರಲಿಲ್ಲ. ನಡೆದುಕೊಂಡು ಬಂತು.

ಅಂದರೆ ಆ ಊರು ಬಿಡಬೇಕೆಂದು ನಾವು ಹುಡುಕುತ್ತಿದ್ದದ್ದು ಊರಿನ ಮೇಲಿನ ಬೇಸರಕ್ಕಲ್ಲ. ಅದಕ್ಕೇ ಅದನ್ನು ಊರಿಗೆ ಹೇಳುವುದು ಕಷ್ಟವಾಗಿತ್ತು. ಮ್ಯೂಚುವಲ್ ಗಟ್ಟಿಯಾದ ಮೇಲೆ ಹೇಳಿದರಾಯಿತು ಎಂದು ಮುಂದೂಡುತ್ತ ಬಂದೆವು. ಇದು ನಮ್ಮ ಮೊದಲ ತಪ್ಪು.

ಒಂದು ಮ್ಯೂಚುವಲ್ ಕಿಕ್ಕೇರಿಯಲ್ಲಿ ಸಿಕ್ಕಿ ತಪ್ಪಿಹೋಯಿತು. ಅವರ ತಾಯಿ ದಿಕ್ಕು ಸರಿಯಿಲ್ಲ ಎಂದರಂತೆ. ಎರಡನೆಯದನ್ನು ಹುಡುಕಿಕೊಟ್ಟವನು ಆ ಮಾರ್ಗದ ಬಸ್ಸಿನ ಕಂಡಕ್ಟರು. ಅವನಿಗೂ ಆ ಪದ ಚೆನ್ನಾಗಿ ಗೊತ್ತಿತ್ತು. ಇಬ್ಬರು ಕಂಡಕ್ಟರುಗಳು ತಮ್ಮ ಪಾಳಿ ಬದಲಿಸಿಕೊಂಡರೆ ಅವರ ಡಿಪೋದಲ್ಲಿ ಅದೂ ಮ್ಯೂಚುವಲ್ಲೇ. ಒಂದು ಶನಿವಾರ ಟಿಕೆಟ್ ಹರಿದುಕೊಡುತ್ತ ಬಗ್ಗಿ ಹೇಳಿದ.

“ಪೇಪರ್ ಸಾರ್, ನಿಮ್ಗೊಂದು ಗಿರಾಕಿ ಐತೆ. ಶ್ರೀರಂಗಪಟ್ಟಣದ ತಾವ ನಾಲೆ ಪಕ್ಕದ ಊರಲ್ಲವ್ರೆ ಒಬ್ರು ಮೇಡಮ್ಮು. ಮನೆ ನಾಗಮಂಗಲ. ಗಂಡ ಲಾರಿ ಓಡುಸ್ತಾರೆ, ಸಾಬ್ರು. ಅವ್ರೂ ನಿಮ್ಮಂಗೇ, ಶನಿವಾರ ಶನಿವಾರ.”

“ನಮ್ಮ ಹಳ್ಳಿಗೆ ಒಪ್ತಾರಾ?”

“ನಾಗಮಂಗಲಕ್ ಅತ್ರ ಆದ್ರೆ ಚಂದ್ರಲೋಕಕ್ಕೂ ಒಪ್ತಾರೆ.”

ಅವರ ಮನೆಯ ಗುರುತು ಹೇಳಿದ. ನಮ್ಮ ಮನೆಯ ಗುರುತನ್ನು ಅವರಿಗೆ ಹೇಳಿಯೂ ಆಗಿತ್ತಂತೆ.

ಹೆಣ್ಣು ನೋಡುವುದಾದರೆ ಯಾರು ಯಾರ ಮನೆಗೆ ಮೊದಲು ಹೋಗಬೇಕು ಎನ್ನುವುದಕ್ಕೆ ರೂಢಿ ಇದೆ. ಮ್ಯೂಚುವಲ್‌ಗೆ ಇನ್ನೂ ರೂಢಿ ಹುಟ್ಟಿರಲಿಲ್ಲ. ಅಗತ್ಯ ನಮ್ಮದು, ನಾವೇ ಹೋಗೋಣ ಎಂದು ಆ ಭಾನುವಾರ ಮಗಳನ್ನೂ ಕರೆದುಕೊಂಡು ನಾಗಮಂಗಲಕ್ಕೆ ಹೋದೆವು. ಮನೆಗೆ ಬೀಗ. ಪಕ್ಕದ ಮನೆಯಾಕೆ ಕೂರಿಸಿ ಕಾಫಿ ಕೊಟ್ಟು, “ಬೆಳಿಗ್ಗೇನೇ ಹೊಣಕೆರೆ ಕಡೆ ಹೊರಟ್ರಲ್ಲ. ಯಾರೋ ಟೀಚರನ್ನ ನೋಡಬೇಕಂತೆ, ಅಗತ್ಯ ನಮ್ದು, ನಾವೇ ಹೋಗೋಣ ಅಂತಿದ್ರು” ಎಂದರು.

ನನ್ನ ಹೆಂಡತಿ ಲೋಟ ಕೆಳಗಿಟ್ಟಳು. ಅವರು ಯಾರನ್ನು ನೋಡಲು ಹೋಗಿದ್ದಾರೆ ಎನ್ನುವುದು ಸ್ಪಷ್ಟವಿತ್ತು. ಅವರನ್ನು ಅಲ್ಲಿ ಯಾರು ಎದುರುಗೊಂಡಿರುತ್ತಾರೆ ಎನ್ನುವುದೂ ಸ್ಪಷ್ಟವಿತ್ತು.

ಸಂಜೆ ಐದರ ಹೊತ್ತಿಗೆ ನಾವು ಹಳ್ಳಿ ಸೇರಿದಾಗ ದೊಡ್ಡವ್ವ ನಮ್ಮ ಜಗಲಿಯ ಮೇಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಬಂದಿದ್ರು ಕಣವ್ವ ನಿಮ್ಮ ನೆಂಟ್ರು. ಲಾರೀಲಿ.”

“ಯಾರು ದೊಡ್ಡವ್ವ?” ಎಂದಳು ಹೆಂಡತಿ. ಪತ್ರಕರ್ತನ ಹೆಂಡತಿಯಾಗಿ ಅವಳು ಸುಳ್ಳು ಹೇಳುವುದನ್ನು ಅಷ್ಟು ಕೆಟ್ಟದಾಗಿ ಮಾಡಬಾರದಿತ್ತು.

“ನಿನ್ ಜಾಗಕ್ಕೆ ಬರೋ ಆಯಮ್ಮ. ನಾನೇ ಮುಂದಿನ ಮೇಡಮ್ಮು ಅಂದ್ಳು. ಅಂಗಾರೆ ಈಗಿರೋಳು ಎಲ್ಲಿಗೋಯ್ತಾಳವ್ವ ಅಂದೆ. ನಿಮಗೆ ಗೊತ್ತಿಲ್ವಾ ಅಂದ್ಳು. ನಮಗ್ಯಾಕ್ ಏಳ್ತಾರೆ, ನಾವೇನು ಬಾಡಿಗೆ ಇಸ್ಕೊಳೋರು ಅಂದೆ.”

ಹೆಂಡತಿ ಅವರ ಪಕ್ಕ ಕೂತಳು. ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದಳು. ನಾನು ಮಗಳನ್ನು ಇಳಿಸಿ ನಿಂತೇ ಇದ್ದೆ.

“ಹೇಳಬೇಕಾಗಿತ್ತು ದೊಡ್ಡವ್ವ. ಬಾಯಿ ಬರ್ನಿಲ್ಲ.”

“ಅದ್ ಬುಡು. ಗಂಡ ಎಂಡ್ತಿ ಒಂದ್ ಸೂರಲ್ಲಿರ್ಬೇಕು, ಅದ್ ನಮಗೂ ಗೊತ್ತು. ಈವಯ್ಯನ್ನ ನೋಡಿದ್ರೆ ಅಯ್ಯೋ ಅನ್ನುಸ್ತದೆ. ವಾರಕ್ಕೊಂದಪ ನೀರು ಕಂಡ ಗಿಡ ಇದ್ದಂಗವ್ನೆ. ನೀನ್ ಓಗದು ನ್ಯಾಯ. ಆದ್ರೆ ಆಯಮ್ಮ ಬ್ಯಾಡ.”

“ಯಾಕೆ? ಸಾಬರು ಅಂತಾನಾ?”

“ಅದ್ಯಾಕ್ ನಡುವೆ ತತ್ತೀಯೆ. ನಮ್ಮ ತೆಂಗಿನಕಾಯಿ ಎಣ್ಸದೂ ಅವ್ರೇ, ಸಾಗ್ಸದೂ ಅವ್ರೇ, ನಮ್ಮಪ್ಪನ ಕಾಲದಿಂದ.” ಈಗ ತಲೆ ಎತ್ತಿದರು. “ಕಾಪಿ ಕೊಟ್ಟೆ, ಬ್ಯಾಡ ಅಂದ್ಳು. ಮಜ್ಜಿಗೆ ಕೊಟ್ಟೆ, ಬ್ಯಾಡ. ಅವರೆಕಾಯಿ ಕಟ್ಕೊಡ್ತೀನಿ ಅಂದೆ, ಅದೂ ಬ್ಯಾಡ. ಕುಡ್ಯೋ ನೀರೂ ಬಾಟ್ಲೀಲಿ ತಂದಿದ್ಲು. ನಾನು ಯಾರ್ಗೂ ತೊಂದ್ರೆ ಕೊಡಲ್ಲಮ್ಮ, ನಂಗೆ ಯಾರಿಂದ್ಲೂ ಏನೂ ಬೇಡ ಅಂದ್ಳು.”

“ಒಳ್ಳೇದಲ್ವಾ ದೊಡ್ಡವ್ವ?” ಎಂದೆ ನಾನು.

ದೊಡ್ಡವ್ವ ನನ್ನ ಕಡೆ ನೋಡಿದ ರೀತಿ ಚೆನ್ನಾಗಿ ನೆನಪಿದೆ. ಮೊದಲ ವಾಕ್ಯದಲ್ಲೇ ತಪ್ಪು ಮಾಡಿದ ವರದಿಯನ್ನು ನಮ್ಮ ಡೆಸ್ಕಿನ ಹಿರಿಯರು ನೋಡುತ್ತಿದ್ದದ್ದು ಹಾಗೇ.

“ಏನೂ ಬ್ಯಾಡ್ದೋಳ ತಾವ ನಾವೇನ್ ಕೇಳಾಕಾಯ್ತದೆ ಸ್ವಾಮಿ? ಕುಯ್ಲು ಬಂದಾಗ ನಮ್ಮ ಮಕ್ಕಳ್ನ ನೋಡ್ಕೊಳವ್ವ ಅಂತ ಯಾವ ಮೊಕ ಇಟ್ಕೊಂಡು ಕೇಳದು? ಹತ್ತಕ್ಕೆ ಬರ್ತಾಳೆ, ನಾಕೂವರೆಗೆ ಓಯ್ತಾಳೆ. ನಮ್ದು ಅವ್ಳಿಗೆ ಅಂಟಲ್ಲ, ಅವ್ಳದು ನಮಗೆ ಅಂಟಲ್ಲ.”

ಪರಸ್ಪರ ಎಂಬ ಪದವನ್ನು ನಾನು ವರದಿಗಳಲ್ಲಿ ಎಷ್ಟು ಸಲ ಬರೆದಿದ್ದೆನೋ ಲೆಕ್ಕವಿಲ್ಲ. ಎರಡೂ ಗುಂಪಿನವರು ಪರಸ್ಪರ ಹೊಡೆದಾಡಿಕೊಂಡರು, ಪರಸ್ಪರ ಒಪ್ಪಿಗೆಯ ಮೇಲೆ ರಾಜಿಯಾದರು. ಇಬ್ಬರಿಗೂ ಒಪ್ಪಿಗೆ ಇದ್ದರೆ ಸಾಕು ಎಂದೇ ನಾನು ಅದರ ಅರ್ಥ ತಿಳಿದಿದ್ದೆ. ಇಬ್ಬರಿಗೂ ಒಂದೊಂದು ಕೊರತೆಯೂ ಇರಬೇಕು ಎನ್ನುವುದನ್ನು ದೊಡ್ಡವ್ವ ಹೇಳಬೇಕಾಯಿತು.

ಕಾನೂನಿನ ಪ್ರಕಾರ ಊರಿನ ಒಪ್ಪಿಗೆ ಬೇಕಿರಲಿಲ್ಲ. ಇಬ್ಬರು ಶಿಕ್ಷಕಿಯರ ಸಹಿ ಸಾಕು. ಆ ಮಾತನ್ನು ನಾನು ಒಂದೇ ಒಂದು ಸಲ ಹೇಳಿದೆ.

“ಮಗಳನ್ನ ಮೂರು ವರ್ಷ ಸಾಕವ್ರೆ ಅವರು,” ಎಂದಳು ಹೆಂಡತಿ. “ಅವರಿಗೆ ಬೇಡದವರನ್ನ ಅವರ ಮನೆ ಬಾಗಿಲಲ್ಲಿ ಬಿಟ್ಟು ಹೋಗಲ್ಲ. ಅವರು ಹ್ಞೂಂ ಅಂದ ದಿನ ಸೈನು ಹಾಕ್ತೀನಿ.”

“ಅನ್ನದಿದ್ರೆ?”

“ಶನಿವಾರಪ್ಪನಾಗೇ ಇರಿ.”

ಅದೇ ವಾರ ಪಾಂಡವಪುರದ ನಮ್ಮ ಕಚೇರಿ ಮುಂದೆ ಒಂದು ಲಾರಿ ನಿಂತಿತು. ಇಳಿದು ಬಂದವರು ನಲವತ್ತರ ಆಸುಪಾಸಿನ, ನಗುಮುಖದ ಮನುಷ್ಯ. ಬಾಗಿಲಲ್ಲೇ ಕೈ ಮುಂದೆ ಮಾಡಿದರು.

“ನೀವೇನಾ ಸಾರ್ ಶನಿವಾರಪ್ಪ? ಆ ಊರಲ್ಲಿ ಹೇಳಿದ್ರು. ನಾನೂ ಅದೇ ಡ್ಯೂಟಿ ಸಾರ್, ನಾಗಮಂಗಲ ಡಿಪೋ.”

ಟೀ ತರಿಸಿ, ವಿಷಯ ಇದ್ದ ಹಾಗೆ ಹೇಳಿದೆ. ಅವರು ಹಣೆ ಹಣೆ ಬಡಿದುಕೊಂಡು ನಕ್ಕರು.

“ಅರೆ, ಅದನ್ನ ಅವಳು ಇನಾಮು ಸಿಗೋ ಮಾತು ಅಂತ ಹೇಳಿ ಬಂದವ್ಳೆ ಸಾರ್. ಈಗಿರೋ ಊರಲ್ಲಿ ಹಿಂದೆ ಇದ್ದ ಮೇಷ್ಟ್ರು ಕಬ್ಬು ಕೊಡಿ, ಅಕ್ಕಿ ಕೊಡಿ, ಹಾಲು ಕೊಡಿ ಅಂತ ಮನೆಮನೆ ತಿರುಗಿದ್ರಂತೆ. ಇವಳು ಹೋದ ದಿನಾನೇ ಜನ ಬಾಗಿಲು ಹಾಕ್ಕೊಂಡ್ರು. ಆವತ್ತಿಂದ ಒಂದು ಲೋಟ ನೀರೂ ಯಾರ ಹತ್ರಾನೂ ಕೇಳಿಲ್ಲ. ಅಲ್ಲಿ ಅದಕ್ಕೇ ಅವಳಿಗೆ ಹೆಸರು. ಇಲ್ಲೂ ಅದೇ ಹೇಳಿದ್ಲು. ಇಲ್ಲಿ ಉಲ್ಟಾ ಹೊಡೀತು.”

“ಏನಾದ್ರೂ ಒಂದು ಬೇಕು ಅಂತ ಕೇಳೋಕೆ ಹೇಳಿ.”

“ಕೇಳ್ತಾಳೆ. ಒಂದು ಕಟ್ಟು ಸೊಪ್ಪು ಕೇಳ್ತಾಳೆ, ಅದಕ್ಕೆ ಮುಂಚೇನೇ ಕಾಸು ತೆಗೆದು ಇಡ್ತಾಳೆ. ಆ ಅಮ್ಮ ಇನ್ನೂ ಸಿಟ್ಟಾಗ್ತಾರೆ.” ಟೀ ಕುಡಿಯುತ್ತ ಒಂದು ಕ್ಷಣ ಏನೋ ಯೋಚಿಸಿದರು. ತುಟಿ ಅಂಚಿನಲ್ಲಿ ನಗು ಬಂತು. “ನಿಜವಾಗ್ಲೂ ಅವಳಿಗೆ ಬೇಕಾಗಿರೋದು ಒಂದಿದೆ ಸಾರ್. ನಾನು ಹೇಳಿದ್ರೆ ಮನೆಗೆ ಸೇರ್ಸಲ್ಲ. ನಾಚಿಕೆ ಅವಳಿಗೆ. ಅದು ತಾನಾಗೇ ಗೊತ್ತಾಗ್ತದೆ ಬಿಡಿ. ಶನಿವಾರ ಅವಳೊಬ್ಬಳೇ ಬಸ್ಸಲ್ಲಿ ಬರ್ತಾಳೆ, ನಿಮ್ಮ ಮನೆಯವರ ಹತ್ರ ಮಾತಾಡೋಕೆ. ನನಗೆ ಲೋಡಿದೆ.”

ಆ ಶನಿವಾರ ನಾನು ಬಸ್ಸಿಳಿದಾಗ ನಾಲ್ಕು ಗಂಟೆ. ನಾವು ಇಳಿಯುವ ಕಡೆ ರಸ್ತೆಗೆ ಒಂದು ಮೋರಿ, ಪಕ್ಕದಲ್ಲಿ ಮುಚ್ಚಿಹೋದ ಒಂದು ಟೀ ಗುಡಿಸಲು. ಅಲ್ಲಿಂದ ಊರಿಗೆ ಒಂದೂವರೆ ಮೈಲಿ ಗಾಡಿದಾರಿ. ಗುಡಿಸಲಿನ ಮುಂದೆ ಯಾವಾಗಲೂ ಎರಡು ನಾಯಿಗಳು ಮಲಗಿರುತ್ತಿದ್ದವು. ಒಂದು ಕಂದು, ಒಂದು ಕರಿ. ಯಾರ ಮನೆಯವೂ ಅಲ್ಲ. ಪಾಂಡವಪುರದಿಂದ ಮಗಳಿಗೆ ಬನ್ನು ತರುತ್ತಿದ್ದೆನಾದ್ದರಿಂದ ಇವಕ್ಕೂ ಒಂದನ್ನು ಹರಿದು ಹಾಕುವುದು ನನ್ನ ಅಭ್ಯಾಸ.

ಅವತ್ತು ಮೋರಿಕಟ್ಟೆಯ ಮೇಲೆ ಒಬ್ಬ ಹೆಂಗಸು ನಿಂತಿದ್ದರು. ಕೂತಿದ್ದದ್ದಲ್ಲ, ನಿಂತಿದ್ದರು. ಕೈಯಲ್ಲಿ ಬಿಚ್ಚಿದ ಕೊಡೆ. ಬಿಸಿಲಿಗೆ ಅಡ್ಡವಾಗಿ ಹಿಡಿದಿರಲಿಲ್ಲ. ಗುರಾಣಿಯಂತೆ ಮುಂದಕ್ಕೆ ಹಿಡಿದಿದ್ದರು. ನಾಯಿಗಳು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿದ್ದೆ ಮಾಡುತ್ತಿದ್ದವು.

ನಾನು ಅವರನ್ನು ಹಿಂದೆ ನೋಡಿರಲಿಲ್ಲ. ಆದರೂ ಯಾರೆಂದು ಊಹಿಸಿ ಎರಡು ಹೆಜ್ಜೆ ಮುಂದೆ ಹೋದೆ. ನನ್ನ ಕೈಚೀಲದ ಸದ್ದು ಕೇಳಿದ್ದೇ ನಾಯಿಗಳು ಎದ್ದವು. ಬಾಲ ಬೀಸುತ್ತ ನನ್ನ ಕಡೆಗೆ, ಅಂದರೆ ಅವರ ಕಡೆಗೆ, ಓಡಿಬಂದವು.

“ಸಾರ್, ಮುಂದೆ ಬರಬೇಡಿ. ಅಲ್ಲೇ ನಿಲ್ಲಿ,” ಎಂದರು ಅವರು ಕೊಡೆಯ ಹಿಂದಿನಿಂದ. ಶಾಲೆಯ ದನಿ. ನಾನೂ ನಿಂತೆ, ವಿಚಿತ್ರವೆಂದರೆ ನಾಯಿಗಳೂ ನಿಂತವು.

ಅಷ್ಟರಲ್ಲಿ ದೊಡ್ಡವ್ವ ಮತ್ತು ಇನ್ನು ನಾಲ್ಕು ಜನ ಹುಲ್ಲಿನ ಹೊರೆ ಹೊತ್ತು ಹೊಲದ ಕಡೆಯಿಂದ ಬಂದರು. ಹೊರೆಯ ಕೆಳಗಿನಿಂದ ದೊಡ್ಡವ್ವ ಈ ದೃಶ್ಯ ನೋಡಿದರು.

“ಯಾಕವ್ವ, ಏನೂ ಬ್ಯಾಡ್ದಮ್ಮ, ಮೋರಿ ಮ್ಯಾಲ್ ನಿಂತಿದ್ದೀಯೆ?”

“ನಾಯಿ ಅಮ್ಮ.”

“ಎಷ್ಟೊತ್ತಾಯ್ತು?”

“ಎರಡೂವರೆ ಬಸ್ಸಿಗೆ ಬಂದೆ.”

ಒಂದೂವರೆ ಗಂಟೆ. ಒಬ್ಬಳು ಹೊರೆ ಇಳಿಸಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ದೊಡ್ಡವ್ವ ನಗಲಿಲ್ಲ.

“ಮಲಗಿದ್ವಲ್ಲವ್ವ ಅವು?”

“ಮಲಗಿರೋ ನಾಯಿನೇ ಅಲ್ವಾ ಅಮ್ಮ ಎದ್ದೇಳೋದು?”

ದೊಡ್ಡವ್ವ ಆ ಮಾತನ್ನು ತೂಗಿ ನೋಡಿದರು. “ಅದೂ ನಿಜ ಕಣೆ” ಎಂದು ಪಕ್ಕದವಳಿಗೆ ಹೇಳಿದರು. ಹೊರೆ ಇಳಿಸಿ, ದಾರಿ ಬದಿಯಿಂದ ಒಂದು ಒಣ ಕೋಲು ಎತ್ತಿಕೊಂಡು, ನಾಯಿಗಳಿಗೆ “ಓಗ್ರೋ ಅತ್ಲಾಗಿ” ಎಂದರು. ನಾಯಿಗಳು ನನ್ನ ಚೀಲವನ್ನೊಮ್ಮೆ ನೋಡಿ, ಬೇಸರದಿಂದ ಹೋದವು. ದೊಡ್ಡವ್ವ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಕೈ ಚಾಚಿದರು. ಮೇಡಂ ಆ ಕೈ ಹಿಡಿದು ಮೋರಿಯಿಂದ ಇಳಿದರು. ಇಳಿದ ಮೇಲೂ ಬಿಡಲಿಲ್ಲ.

“ಯಾರಿಂದ್ಲೂ ಏನೂ ಬ್ಯಾಡ ಅಂದಿದ್ದೆ?”

ಅವರ ಮುಖ ಕೆಂಪಾಯಿತು. ಒಂದು ಸಲ ಊರಿನ ದಾರಿ ನೋಡಿದರು, ಒಂದು ಸಲ ನಾಯಿಗಳ ಕಡೆ ನೋಡಿದರು.

“ಒಬ್ಬರು ಬೇಕಮ್ಮ. ಇಲ್ಲಿಂದ ಸ್ಕೂಲ್ ತನಕ.”

“ಇವತ್ತಾ?”

“ದಿನಾ.”

“ದಿನಾನಾ?”

“ದಿನಾ. ಹೋಗುವಾಗಲೂ.” ಒಮ್ಮೆ ಬಾಯಿಬಿಟ್ಟ ಮೇಲೆ ಅವರು ನಿಲ್ಲಿಸಲಿಲ್ಲ. “ಚಿಕ್ಕೋಳಿದ್ದಾಗ ಒಂದು ಕಚ್ಚಿತ್ತು. ಈಗಿರೋ ಊರಲ್ಲಿ ನಾಲೆ ಏರಿ ಮೇಲೆ ಸುತ್ತುಹಾಕ್ಕೊಂಡು ಮೂರು ಮೈಲಿ ಜಾಸ್ತಿ ನಡೀತೀನಿ, ಬೀದಿಯಲ್ಲಿ ನಾಯಿ ಇರ್ತವೆ ಅಂತ. ಅಲ್ಲಿ ಯಾರಿಗೂ ಹೇಳಿಲ್ಲ. ಟೀಚರು ನಾಯಿಗೆ ಹೆದರ್ತಾರೆ ಅಂದ್ರೆ ಮಕ್ಕಳು ಹೆದರ್ತಾವಾ?”

ದೊಡ್ಡವ್ವ ಉಳಿದ ನಾಲ್ವರ ಕಡೆ ತಿರುಗಿದರು. ಹೊಲದ ಸರದಿ ತೀರ್ಮಾನಿಸುವಾಗಿನ ಅದೇ ದನಿಯಲ್ಲಿ, “ಸೋಮವಾರ ಯಾರ್ರೇ ಬರೋರು? ನೀನೇ ಬಾ. ನಿನ್ ಎಮ್ಮೆ ಎಂಗೂ ಈ ಕಡೆಗೇ ಮೇಯಕ್ ಬರ್ತದೆ. ಮಂಗಳವಾರ ನಿನ್ ಸೊಸೆ. ಬುಧವಾರ ನಾನ್ ಬತ್ತೀನಿ” ಎನ್ನುತ್ತ ಶನಿವಾರದವರೆಗೂ ಹಂಚಿಬಿಟ್ಟರು. ಮಗಳನ್ನು ಸಾಕಿದ ಅದೇ ಆರು ಮನೆ, ಅದೇ ಆರು ದಿನ. ಆಮೇಲೆ ಮೇಡಂ ಕಡೆ ತಿರುಗಿ, ಮೂರು ವರ್ಷದಿಂದ ಯಾರನ್ನೂ ಕೇಳಬೇಕಾಗಿ ಬಂದಿರದ ಪ್ರಶ್ನೆಯನ್ನು ಕೇಳಿದರು.

“ಕುಯ್ಲಲ್ಲಿ ನಮ್ಮ ಮಕ್ಕಳ್ನ ನೋಡ್ಕತೀಯಾ?”

“ಎಷ್ಟಾದ್ರೂ ಕಳಿಸಿ ಅಮ್ಮ. ಮಕ್ಕಳು ಕಚ್ಚಲ್ಲ.”

“ನನ್ ಮಗ ಕಚ್ತಾನೆ ಕಣಮ್ಮ,” ಎಂದಳು ಹೊರೆ ಇಳಿಸಿದ್ದವಳು. “ಮೊದ್ಲೇ ಏಳ್ಬುಡ್ತೀನಿ.”

ಆಗ ದೊಡ್ಡವ್ವನೂ ನಕ್ಕರು. ಒಂದೂವರೆ ಮೈಲಿ ನಾವು ಏಳು ಜನ ನಡೆದೆವು. ಮುಂದೆ ಕೋಲು, ನಡುವೆ ಮೇಡಂ, ಹಿಂದೆ ಹೊರೆಗಳು, ಕೊನೆಯಲ್ಲಿ ಬನ್ನಿನ ಚೀಲ ಹಿಡಿದ ನಾನು, ನನ್ನ ಹಿಂದೆ ಬೇಕಾದಷ್ಟು ಅಂತರ ಬಿಟ್ಟು ಎರಡು ನಾಯಿ. ಮನೆ ತಲುಪಿದ ಮೇಲೆ ಮೇಡಂ ಎರಡು ಲೋಟ ಮಜ್ಜಿಗೆ ಕುಡಿದು, ಮೂರನೆಯದನ್ನು ಕೇಳಿ ಹಾಕಿಸಿಕೊಂಡರು. ದೊಡ್ಡವ್ವ ಹಾಕುತ್ತ ನನ್ನ ಹೆಂಡತಿಗೆ, “ಸೈನು ಹಾಕವ್ವ ಇನ್ನ” ಎಂದರು.

ಅರ್ಜಿಗೆ ಇಬ್ಬರೂ ನಮ್ಮ ಜಗಲಿಯ ಮೇಲೆ ಸಹಿ ಹಾಕಿದರು. ಆಮೇಲೆ ಅವರವರ ಊರಿನ ವಿಚಾರ ಹಂಚಿಕೊಂಡರು. ನನ್ನ ಹೆಂಡತಿ ಆರು ಮನೆಗಳ ವಿವರ ಹೇಳಿದಳು. ಶುಕ್ರವಾರದ ಮನೆಯ ಬಾಯಿಯ ಬಗ್ಗೆ ಎಚ್ಚರಿಕೆಯನ್ನೂ ಕೊಟ್ಟಳು. ಮೇಡಂ ಸ್ವಲ್ಪ ಯೋಚಿಸಿ ಹೇಳಿದ ಮಾತನ್ನು ನಾನು ಅಂದೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

“ಅಲ್ಲಿ ಜನ ಒಳ್ಳೆಯವರು. ಆದರೆ ಟೀಚರಿಗೆ ಏನೂ ಬೇಕಾಗಲ್ಲ ಅಂತ ನಾನೇ ಅಭ್ಯಾಸ ಮಾಡಿಸಿಬಿಟ್ಟಿದ್ದೀನಿ. ನೀವು ಹೋದ ಮೊದಲ ದಿನಾನೇ ಯಾರ ಮನೇಲಾದ್ರೂ ಒಂದು ಲೋಟ ನೀರು ಕೇಳಿ.”

ಆದೇಶ ಬೇಸಿಗೆ ರಜೆ ಮುಗಿಯುವ ಮೊದಲು ಬಂತು. ಜೂನಿನ ಮೊದಲ ಸೋಮವಾರ ಇಬ್ಬರೂ ಹೊಸ ಶಾಲೆಗಳಿಗೆ ಹಾಜರಾದರು. ಪಾಂಡವಪುರದ ಮನೆಯಿಂದ ನಾಲೆಯ ಪಕ್ಕದ ಊರಿಗೆ ಒಂದೇ ಬಸ್ಸು. ನನ್ನ ಹೆಂಡತಿ ಮಗಳನ್ನೂ ಜೊತೆಗೆ ಕರೆದುಕೊಂಡು ಹೋದಳು. ಅಲ್ಲಿ ಬಸ್ಸಿಳಿದು ಮೊದಲ ಮನೆಯ ಮುಂದೆ ನಿಂತು ನೀರು ಕೇಳಿದಳಂತೆ. ಒಳಗಿನಿಂದ ಬಂದ ಮುದುಕಿ ಒಂದು ಗಳಿಗೆ ಅವಳನ್ನು ಮೇಲಿನಿಂದ ಕೆಳಗೆ ನೋಡಿ, “ನೀರ್ಯಾಕೆ, ಕುಂತ್ಕೊ, ಕಾಪಿ ಕಾಯುಸ್ತೀನಿ” ಎಂದರಂತೆ. ಇದು ಕೇಳಿದ್ದು, ನಾನು ಕಂಡದ್ದಲ್ಲ. ಆದರೆ ಹೇಳಿದವರು ನಂಬತಕ್ಕವರು.

ನಾವು ಬಿಟ್ಟುಬಂದ ಊರಿನ ಸುದ್ದಿಯನ್ನು ಕಂಡಕ್ಟರು ತಂದ. ಅಲ್ಲಿಯ ಹೆಂಗಸರು ಕೋಲು ಹಿಡಿದು ಬಸ್ಸಿಗೆ ಬರುವ ಸರದಿಗೆ ಮ್ಯೂಚುವಲ್ ಎಂದೇ ಹೆಸರಿಟ್ಟುಬಿಟ್ಟಿದ್ದರು. “ಗುರುವಾರ ಮ್ಯೂಚುವಲ್ ಬರೋದು ಐದು ನಿಮಿಷ ಲೇಟಾಯ್ತು ಸಾರ್. ಮೇಡಮ್ಮು ಬಸ್ಸಿಂದ ಇಳೀಲೇ ಇಲ್ಲ. ಇಳೀರಿ ಅಂದ್ರೆ ನಾಯಿ ತೋರುಸ್ತಾರೆ. ಡ್ರೈವರು ಇಂಜಿನ್ ಆಪ್ ಮಾಡಿ ಬೀಡಿ ಹಚ್ಚಿದ. ಪ್ಯಾಸೆಂಜರು ಒಬ್ರೂ ಬೈನಿಲ್ಲ.”

ಆ ಮೊದಲ ಸೋಮವಾರ ನಾನು ಸುದ್ದಿ ಮುಗಿಸಿ ಸಂಜೆ ಏಳಕ್ಕೆ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಹೆಂಡತಿ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಮಗಳು ಹೊಸ್ತಿಲ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಅವಳ ಮುಖದಲ್ಲಿ ಏನೋ ಗೊಂದಲವಾಯಿತು. ಎದ್ದು ಒಳಗೆ ಓಡಿದಳು.

“ಅಮ್ಮ, ಅಪ್ಪ ಬಂದ್ರು. ರಜ ಮುಗೀತಲ್ಲ, ಇವತ್ತು ಶನಿವಾರವಾ?”

“ಇಲ್ಲ ಕಣೆ, ಸೋಮವಾರ.”

ಮಗಳು ತಿರುಗಿ ಬಂದು ನನ್ನ ಕೈಚೀಲದೊಳಗೆ ನೋಡಿದಳು. ಬನ್ನು ಇರಲಿಲ್ಲ. ಸ್ವಲ್ಪ ಹೊತ್ತು ಲೆಕ್ಕ ಹಾಕಿ, “ಹಂಗಾದ್ರೆ ನಾಳೆ ಹೋಗ್ತೀರಾ?” ಎಂದಳು.

“ಇಲ್ಲ. ನಾಳೆಯೂ ಇಲ್ಲೇ.”

“ಬುಧವಾರ?”

“ಬುಧವಾರವೂ.”

ಅವಳು ಆರೂ ದಿನದ ಹೆಸರನ್ನು, ಒಂದೊಂದು ಮನೆಯನ್ನು ನೆನೆಸಿಕೊಂಡು, ಒಂದಾದ ಮೇಲೊಂದು ಕೇಳಿದಳು. ನಾನು ಎಲ್ಲದಕ್ಕೂ ಹೌದು ಎಂದೆ. ಒಳಗಿನಿಂದ ಹೆಂಡತಿ ತಟ್ಟೆ ಇಡುವ ಸದ್ದು ಕೇಳಿಸಿತು. ಮೂರು ತಟ್ಟೆ.